ಎಪ್ಪತ್ತೊಂದನೇ ಸಾಲಿಗೆ ಎದ್ದವರು

ಕಮಲಾಪುರ
ಕೀಲಕ ಸಂವತ್ಸರ, ಮಾಘ ಶುದ್ಧ ಸಪ್ತಮಿ, ಫಸಲಿ ೧೩೧೮

ಕಲಬುರ್ಗಿಯ ತೊಗರಿ ವ್ಯಾಪಾರಿ ದೌಲಪ್ಪನವರಿಗೆ ಬಾಳೆತೋಟದ ಶಿವಕಾಂತಮ್ಮನ ಶರಣಾರ್ಥಿ.

ನಿಮ್ಮ ಮಗಳು ಚಂದಮ್ಮನನ್ನು ನನ್ನ ಮಗ ನೀಲಕಂಠನಿಗೆ ತಂದುಕೊಳ್ಳುವುದೆಂದು ಮಾತಾಯಿತು, ಸಕ್ಕರೆಯೂ ಹಂಚಿಯಾಯಿತು. ಆ ದಿನ ನೀವು ಬೇಡ ಬೇಡ ಎನ್ನುತ್ತಲೇ ಐದು ಸಲ ಹೋಳಿಗೆ ಹಾಕಿಸಿಕೊಂಡದ್ದನ್ನು ನಮ್ಮ ಓಣಿಯವರು ಇನ್ನೂ ಪ್ರೀತಿಯಿಂದ ನೆನೆಯುತ್ತಾರೆ.

ನಮ್ಮ ಮನೆತನದ ಒಂದು ಪದ್ಧತಿ ನಿಮಗೆ ಗೊತ್ತಿರಲಾರದು, ಅದಕ್ಕೆ ಬರೆಯುತ್ತಿದ್ದೇನೆ. ಮದುವೆಗೆ ಮೊದಲು ನಾವು ಎಣಿಸಿದ ಹಣ್ಣು ಕಳಿಸುತ್ತೇವೆ. ನೀವು ಅದನ್ನು ನೆಲದ ಮೇಲೆ ಸಮನಾದ ಸಾಲುಗಳಲ್ಲಿ ಜೋಡಿಸಬೇಕು. ಒಂದು ಹಣ್ಣೂ ಮಿಗಬಾರದು, ಕಡಿಮೆಯೂ ಬೀಳಬಾರದು. ಎಲ್ಲವನ್ನೂ ಒಂದೇ ಸಾಲಿಗೆ ಹಚ್ಚುವುದು, ಸಾಲಿಗೊಂದೇ ಹಣ್ಣಿಡುವುದು ಕಳ್ಳಾಟ, ಅದು ನಡೆಯದು. ಸಾಲು ಸರಿಹೊಂದಿದರೆ ಸಂಖ್ಯೆ ಮುರಿಯಿತು. ಆಗ ಹೆಣ್ಣಿನ ಒಂದು ಮಾತು ನಾವು ನಡೆಸಿಕೊಡಬೇಕು. ಹೊಂದದಿದ್ದರೆ ಸಂಖ್ಯೆ ಗಟ್ಟಿ. ಸೊಸೆಗೆ ನಾವಿಟ್ಟ ಹೆಸರೇ ಹೆಸರು.

ನನ್ನ ಅತ್ತೆ ಶಂಕ್ರಮ್ಮನವರು ತೀರಿಕೊಂಡ ಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಲ್ಲ. ಚಂದಮ್ಮ ಇನ್ನು ಶಂಕ್ರಮ್ಮನಾಗುತ್ತಾಳೆ. ಬೋಗಾರನ ಕೈಯಲ್ಲಿ ತಾಮ್ರದ ಕೊಡಕ್ಕೆ ಹೆಸರು ಕೆತ್ತಿಸಿಯೂ ಆಯಿತು. ಆದರೂ ಪದ್ಧತಿ ಪದ್ಧತಿಯೇ. ಬಂಡಿಯ ಮರೆಪ್ಪನೊಡನೆ ಸಾವಿರದ ಒಂದು ಕೆಂಪು ಬಾಳೆಹಣ್ಣು ಕಳಿಸಿದ್ದೇನೆ. ಸಾವಿರವನ್ನು ಯಾರಾದರೂ ಮುರಿದಾರು. ಅದರ ಮೇಲಿನ ಒಂದನ್ನು ಮುರಿಯುವವರು ಹುಟ್ಟಬೇಕು.

ಶಿವಕಾಂತಮ್ಮ


ಕಲಬುರ್ಗಿ
ಮಾಘ ಶುದ್ಧ ದಶಮಿ

ಬೀಗತಿಯವರಿಗೆ ದೌಲಪ್ಪನ ಶರಣು.

ಹುಟ್ಟಬೇಕು ಎಂದಿರಲ್ಲ, ಹುಟ್ಟಿ ಹದಿನಾರು ವರ್ಷವಾಗಿದೆ. ಹೆಸರು ಚಂದಮ್ಮ.

ಹಣ್ಣನ್ನು ನಮ್ಮ ಅಡತಿ ಅಂಗಡಿಯ ಅಂಗಳದಲ್ಲಿ ಹರವಿದೆವು. ಎರಡು ಸಾಲಿಗೆ ಒಂದು ಮಿಕ್ಕಿತು. ಮೂರಕ್ಕೆ ಎರಡು ಮಿಕ್ಕವು. ಐದಕ್ಕೆ ಮತ್ತೆ ಒಂದು ಮಿಕ್ಕಿ ನಮ್ಮನ್ನು ನೋಡಿ ನಕ್ಕಿತು. ನಾನು ಮನಸ್ಸಿನಲ್ಲೇ ಸೋಲೊಪ್ಪಿ ಆ ಒಂದನ್ನು ಸುಲಿಯಲು ಕೈ ಹಾಕಿದೆ. ಚಂದಮ್ಮ ಕೈ ಹಿಡಿದಳು. "ಯಪ್ಪಾ, ತಿನಬ್ಯಾಡ ತಡಿ, ಏಳರದು ಇನ್ನಾ ಹಾಕಿಲ್ಲ!"

ಏಳು ಸಾಲು, ಸಾಲಿಗೆ ನೂರಾ ನಲವತ್ತಮೂರು. ಕೊನೆಯ ಸಾಲಿನ ಕೊನೆಯ ಹಣ್ಣು ತನ್ನ ಜಾಗಕ್ಕೆ ಹೋಗಿ ಕೂತಾಗ ನಮ್ಮ ನೆರೆಯ ನಬಿಸಾಬರು ಗೋಡೆಯಾಚೆಯಿಂದ "ವಾಹ್ವಾ!" ಎಂದು ಕೂಗಿದ್ದು ದರ್ಗಾದ ಹತ್ತಿರದ ರೋಜಾ ಓಣಿಯ ತನಕ ಕೇಳಿಸಿರಬೇಕು.

ಸಂಖ್ಯೆ ಮುರಿಯಿತು. ಇನ್ನು ಹೆಣ್ಣಿನ ಮಾತು. ನಿಮ್ಮ ದಿಬ್ಬಣದಲ್ಲಿ ನೂರಕ್ಕಿಂತ ಹೆಚ್ಚು ಜನ ಬರಬಾರದು. ಇದೇ ನಮ್ಮ ಬೇಡಿಕೆ.

ದೌಲಪ್ಪ


ಕಮಲಾಪುರ
ಮಾಘ ಬಹುಳ ಬಿದಿಗೆ

ದೌಲಪ್ಪನವರೇ,

ನೀವು ತೊಗರಿ ತೂಗುವ ರೀತಿಯ ಬಗ್ಗೆ ಜನ ಆಡಿಕೊಳ್ಳುವುದನ್ನು ನಾನು ಇಂದಿನವರೆಗೂ ನಂಬಿರಲಿಲ್ಲ.

ಸಾವಿರದ ಒಂದು ಮುರಿಯುವುದಿಲ್ಲ. ಮುರಿದಿದ್ದರೆ ಅದು ಸಾವಿರದ ಒಂದಾಗಿರಲಿಲ್ಲ. ದಾರಿಯಲ್ಲಿ ಮರೆಪ್ಪ ತಿಂದಿರಬೇಕು. ಅವನನ್ನು ನಿಲ್ಲಿಸಿ ಕೇಳಿದೆ. "ಯವ್ವಾ, ನಿಮ್ಮ ಹಣ್ಣಿನ ಆಣಿ, ನಾ ಒಂದೂ ಮುಟ್ಟಿಲ್ರೀ" ಎಂದ. ಹಣ್ಣು ತಿಂದವನು ಹಣ್ಣಿನ ಮೇಲೆಯೇ ಆಣೆ ಇಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನಿಮ್ಮ ಬೇಡಿಕೆ. ಹೆಣ್ಣಿನ ಮಾತು ಎಂದರೆ ಹೆಣ್ಣಿನದು. ಹದಿನಾರು ವರ್ಷದ ಹುಡುಗಿ ದಿಬ್ಬಣದ ಎಲೆ ಎಣಿಸುತ್ತ ಕೂತಿರುತ್ತಾಳೆಯೇ? ಅದು ನಿಮ್ಮ ಹೊಟ್ಟೆಯೊಳಗಿನ ಮಾತು. ನನ್ನ ಹೋಳಿಗೆ ಉಂಡು ಹೋದವರು ನನ್ನ ಜನಕ್ಕೆ ಎಲೆ ಹಾಕಲು ಹಿಂದೆಮುಂದೆ ನೋಡುವುದು ನಮ್ಮ ಕಡೆ ದೊಡ್ಡಸ್ತಿಕೆ ಎನಿಸಿಕೊಳ್ಳುವುದಿಲ್ಲ.

ಶಿವಕಾಂತಮ್ಮ


ಕಲಬುರ್ಗಿ
ಮಾಘ ಬಹುಳ ಪಂಚಮಿ

ಶಿವಕಾಂತಮ್ಮನವರೇ,

ಈ ಕಾಗದವನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮರೆಪ್ಪ ಒಂದು ಹಣ್ಣು ತಿಂದಿದ್ದರೆ ಉಳಿಯುವುದು ಸಾವಿರ. ಸಾವಿರ ಏಳು ಸಾಲಿಗೆ ಹೊಂದುವುದೇ ಇಲ್ಲ, ಆರು ಮಿಗುತ್ತವೆ. ಅಂದರೆ ನಮ್ಮ ಏಳು ಸಾಲೇ ಮರೆಪ್ಪನ ಪ್ರಾಮಾಣಿಕತೆಗೆ ಸಾಕ್ಷಿ. ನಿಜಾಮ್ ಸರ್ಕಾರದ ಯಾವ ಕಚೇರಿಯಲ್ಲೂ ಇಷ್ಟು ಗಟ್ಟಿ ಸಾಕ್ಷಿ ಸಿಗಲಿಕ್ಕಿಲ್ಲ. ನೂರಾ ನಲವತ್ತಮೂರು ಏಳಲಿ ಸಾವಿರದ ಒಂದು. ಹಣ್ಣಿಟ್ಟರೂ ಅಷ್ಟೇ, ಹರಳಿಟ್ಟರೂ ಅಷ್ಟೇ. ನಮ್ಮ ತಕ್ಕಡಿಯ ಮೇಲಿನ ಮಾತನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬೇಕು.

ಒಂದು ಸಂಗತಿಯನ್ನು ಮಾತ್ರ ತಿದ್ದಬೇಕಾಗಿದೆ. ದಿಬ್ಬಣದ ಮಾತು ನನ್ನದೇ. ನಿಮ್ಮ ಕಾಗದವನ್ನು ಓದಿ ಕೇಳಿಸಿದ ಮೇಲೆ ಚಂದಮ್ಮ ನನ್ನ ಸಂಗಡ ಮಾತು ಬಿಟ್ಟಳು, ರೊಟ್ಟಿ ಮಾತ್ರ ಎಸೆಯುತ್ತಿದ್ದಾಳೆ. "ಸಾಲು ಹಾಕಿದಾಕಿ ನಾನು, ಬೇಡಿದಾವ ನೀನು! ನನ್ನ ಬಾಯಾಗಿನ ಮಾತ ನಿನಗ್ಯಾರ ಕೊಟ್ರು?" ಎಂದು ಕೇಳಿದಳು.

ಅವಳ ಬೇಡಿಕೆ ಬೇರೆ. ನನಗೆ ಅದು ಹುಡುಗಾಟ ಎನಿಸಿತ್ತು, ಅದಕ್ಕೇ ಬರೆದಿರಲಿಲ್ಲ. ಅವಳಿಗೆ ಶಂಕ್ರಮ್ಮ ಆಗುವುದು ಬೇಡವಂತೆ. ಚಂದಮ್ಮನಾಗಿ ಬರುತ್ತಾಳೆ, ಚಂದಮ್ಮನಾಗಿಯೇ ಇರುತ್ತಾಳೆ. ಅಷ್ಟೇ.

ದೌಲಪ್ಪ


ಕಮಲಾಪುರ
ಮಾಘ ಬಹುಳ ಏಕಾದಶಿ

ದೌಲಪ್ಪನವರೇ,

ದಿಬ್ಬಣಕ್ಕೆ ಐವತ್ತೇ ಜನ ಎಂದಿದ್ದರೂ ಒಪ್ಪುತ್ತಿದ್ದೆ. ಇದನ್ನು ಒಪ್ಪಲಾರೆ.

ಹೆಸರಂತೆ! ಈ ಮನೆಗೆ ಬಂದ ಯಾವ ಹೆಣ್ಣು ತವರಿನ ಹೆಸರನ್ನು ಹೊಸ್ತಿಲು ದಾಟಿಸಿದ್ದಾಳೆ? ನಿಮ್ಮ ಮಗಳ ಹೆಸರಿಗೇನು ಬಂಗಾರದ ನೀರು ಬಳಿದಿದೆಯೇ? ಆ ಮಾತನ್ನು ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ನೀಲಕಂಠ ಬೇರೆ ಊಟಕ್ಕೆ ಕೂತು, "ಅವ್ವಾ, ಚಂದಮ್ಮ ಅನ್ನೋದೂ ಛಂದ ಐತಲ್ಲ?" ಎಂದ. ಅವನ ತಾಟಿಗೆ ಎರಡನೇ ಸಲ ಸಾರು ಹಾಕಲಿಲ್ಲ.

ಸಾವಿರದ ಒಂದನ್ನು ಹುಣಸೆ ಬೀಜ ಇಟ್ಟು ನೋಡಿದೆ. ನೋಡಿದೆ ಎಂದಷ್ಟೇ ಬರೆಯುತ್ತೇನೆ, ಏನು ಕಂಡಿತೆಂದು ಬರೆಯುವುದಿಲ್ಲ. ಅದು ಕೈ ಪಳಗಿಸಲು ಕಳಿಸಿದ ಸಂಖ್ಯೆ ಎಂದು ತಿಳಿಯಿರಿ. ನಮ್ಮ ಮನೆತನದ ನಿಜವಾದ ಸಂಖ್ಯೆ ಈಗ ಬರುತ್ತಿದೆ: ಹತ್ತು ಸಾವಿರದ ಒಂದು. ಬರೆದು ನೋಡಿ. ಎರಡು ತುದಿಗೆ ಒಂದೊಂದು ಕಾವಲು, ನಡುವೆ ಮೂರು ಸೊನ್ನೆ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಇಂಥ ಕೋಟೆಗೆ ಕನ್ನ ಎಲ್ಲಿ ಹಾಕುತ್ತೀರಿ?

ನಾನು ಮದುವಣಗಿತ್ತಿಯಾಗಿದ್ದಾಗ ತಾಜಸುಲ್ತಾನಪುರದ ನನ್ನ ತವರಿಗೆ ಇದೇ ತೋಟದಿಂದ ಬಂದದ್ದು ಇದೇ ಸಂಖ್ಯೆ. ನಮ್ಮ ಅಪ್ಪನಂಥ ಅಪ್ಪನೇ ಸೋತ. ಆ ದಿನದಿಂದ ನಾನು ಶಿವಕಾಂತಮ್ಮ. ಅದಕ್ಕೆ ಮೊದಲು ಏನಿತ್ತೆಂದು ಕೇಳಬೇಡಿ. ಹಾಗೆ ಕರೆಯುವವರು ಯಾರೂ ಉಳಿದಿಲ್ಲ.

ಎರಡು ಬಂಡಿ ಹಣ್ಣು ಬರುತ್ತದೆ. ಈ ಸಲ ಎಣಿಕೆಗೆ ನಾನೇ ಕೂತಿದ್ದೆ. ಮರೆಪ್ಪನ ಬಾಯಿಗೆ ಎಲೆಅಡಿಕೆ ತುಂಬಿಸಿ ಕಳಿಸಿದ್ದೇನೆ.

ಶಿವಕಾಂತಮ್ಮ


ಕಲಬುರ್ಗಿ
ಫಾಲ್ಗುಣ ಶುದ್ಧ ಚೌತಿ

ಬೀಗತಿಯವರಿಗೆ,

ಇದು ಹಣ್ಣು ಕಳಿಸುವ ರೀತಿಯಲ್ಲ, ದಂಡು ಕಳಿಸುವ ರೀತಿ.

ಬಂಡಿ ಇಳಿಸಿದ ಮೇಲೆ ನನ್ನ ಅಡತಿಯಲ್ಲಿ ತೊಗರಿಗೆ ಜಾಗವಿಲ್ಲದಾಯಿತು. ಗಿರಾಕಿಗಳು ಬಾಗಿಲಲ್ಲೇ ನಿಂತು, "ಸಾವ್ಕಾರ್ರು ಧಂಧಾ ಬದಲ ಮಾಡ್ಯಾರೇನ್ರೀ?" ಎಂದು ಕೇಳಿ ಹೋದರು. ಮನೆಯವರು, ನೆರೆಯವರು, ಎಲ್ಲರೂ ಸೇರಿ ಹಣ್ಣು ಹರವಿದೆವು. ಮೂರಕ್ಕೆ ಎರಡು ಮಿಕ್ಕವು. ಏಳಕ್ಕೆ ಐದು. ಹನ್ನೊಂದಕ್ಕೆ ಎರಡು, ಹದಿಮೂರಕ್ಕೆ ನಾಲ್ಕು. ಹತ್ತು ಸಾಲು ಹಾಕಿಸಿದೆ, ಹದಿನೈದು, ಇಪ್ಪತ್ತು ಹಾಕಿಸಿದೆ. ಇಪ್ಪತ್ತರ ಹೊತ್ತಿಗೆ ಚಂದಮ್ಮ, "ಅದು ಹೆಂಗೂ ಆಗಂಗಿಲ್ಲಪ್ಪಾ, ಸುಮ್ನ ಹಣ್ಣ ಬಾಡಸ್ತಿ" ಎಂದಳು. ಹಿರಿಯರಿಗೆ ಎದುರು ಮಾತಾಡಬಾರದೆಂದು ಗದರಿಸಿ ಇಪ್ಪತ್ತೊಂದಕ್ಕೆ ಹೋದೆ.

ಈ ನಡುವೆ ಹಣ್ಣು ಮಾಗಿತು. ನಾವು ಸಾಲು ಬದಲಿಸಿದಷ್ಟೂ ಮೆತ್ತಗಾಯಿತು. ನಬಿಸಾಬರು ಗೋಡೆಯ ಮೇಲಿಂದ ಬಗ್ಗಿ ನೋಡಿ, "ದೌಲಪ್ಪಣ್ಣಾ, ಇನ್ನೊಂದಿನ ಬಿಟ್ರ ಹಣ್ಣಲ್ಲ, ಶರಬತ್ ಎಣಸಬೇಕಾಗ್ತದ ನೋಡ್ರಿ!" ಎಂದರು. ನಲವತ್ತೊಂದರ ಸಾಲಿಗೆ ಮೂರೇ ಮೂರು ಹಣ್ಣು ಕಡಿಮೆ ಬಿದ್ದವು. ಅಲ್ಲಿಗೆ ನನ್ನ ಸೊಂಟವೂ ನನ್ನ ಮರ್ಯಾದೆಯೂ ಒಟ್ಟಿಗೆ ಹಿಡಿದುಕೊಂಡವು. ಹಣ್ಣನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ. ನಬಿಸಾಬರು ಗುರುವಾರ ಬಂಡಿ ತುಂಬಿಕೊಂಡು ಹೋಗಿ ದರ್ಗಾಕ್ಕೆ ಬಂದವರಿಗೆಲ್ಲ ಹಂಚಿದರು. ನಿಮ್ಮ ತೋಟಕ್ಕೆ ಬಂದಿರುವ ದುವಾಗಳಿಗೆ ಲೆಕ್ಕವಿಲ್ಲ.

ಸಂಖ್ಯೆ ಗಟ್ಟಿ. ನಾನು ಒಪ್ಪಿಕೊಂಡೆ. ಹುಡುಗಿಗೆ ಶಂಕ್ರಮ್ಮ ಎಂದೇ ಹೆಸರಿಡಿ. ಅವಳು ಎರಡು ದಿನ ಮುಖ ಊದಿಸಿಕೊಳ್ಳುತ್ತಾಳೆ, ಮೂರನೆಯ ದಿನ ಕರೆದರೆ ಓ ಎನ್ನುತ್ತಾಳೆ. ಇನ್ನಾದರೂ ಸಿಟ್ಟು ಬಿಡಿ, ಮುಹೂರ್ತ ನೋಡಿಸೋಣ.

ದೌಲಪ್ಪ


ಕಮಲಾಪುರ
ಫಾಲ್ಗುಣ ಶುದ್ಧ ಸಪ್ತಮಿ

ದೌಲಪ್ಪನವರೇ,

ನಲವತ್ತೊಂದಕ್ಕೇ ಎದ್ದಿರಾ?

ನಲವತ್ತೊಂದು! ನಾಚಿಕೆ ಎಂಬುದು ನಿಮ್ಮ ಅಡತಿಯಲ್ಲಿ ಸೇರಿಗೆಷ್ಟು? ಮಗಳು ಕೇಳಿದ್ದು ಪಟ್ಟೆ ಸೀರೆಯಲ್ಲ, ಪಾಟ್ಲಿ ಬಳೆಯಲ್ಲ. ಹುಟ್ಟಿದಾಗ ನೀವೇ ಕಿವಿಯಲ್ಲಿ ಕೂಗಿದ ಹೆಸರು. ಅದಕ್ಕಾಗಿ ನಿಮ್ಮ ಸೊಂಟ ಇನ್ನೊಂದು ದಿನ ಬಾಗಲಾರದೇ? "ಮೂರನೆಯ ದಿನ ಓ ಎನ್ನುತ್ತಾಳೆ" ಎಂದು ಎಷ್ಟು ಹಗುರವಾಗಿ ಬರೆದಿದ್ದೀರಿ. ಓ ಎನ್ನುತ್ತಾಳೆ, ಹೌದು. ಎಲ್ಲರೂ ಎನ್ನುತ್ತಾರೆ.

ಗೆದ್ದವಳು ನಾನು. ಇವಳಿಗೇಕೆ ಸಿಟ್ಟು ಎಂದು ನಿಮಗೆ ಅನಿಸಬಹುದು. ಅನಿಸಲಿ.

ಶಿವಕಾಂತಮ್ಮ


ಕಲಬುರ್ಗಿ
ಫಾಲ್ಗುಣ ಬಹುಳ ತದಿಗೆ

ಶಿವಕಾಂತಮ್ಮನವರೇ,

ನೀವು ಸೋತರೆ ಬೈಯುತ್ತೀರಿ, ಗೆದ್ದರೂ ಬೈಯುತ್ತೀರಿ, ನಾನು ಶರಣಾದರೆ ಎಲ್ಲಕ್ಕಿಂತ ಹೆಚ್ಚು ಬೈಯುತ್ತೀರಿ. ನಿಮ್ಮ ಸಂಗಡ ನಂಟಸ್ತನ ಬೆಳೆಸುವವನಿಗೆ ಕಿವಿ ಎರಡಿದ್ದರೆ ಸಾಲದು. ಈ ಸಂಬಂಧವೇ ಬೇಡ ಎಂದು ಬರೆಯಲು ಕಾಗದ ತೆಗೆದಿದ್ದೆ.

ಚಂದಮ್ಮ ನಿಮ್ಮ ಕಾಗದ ಕಸಿದುಕೊಂಡು ಓದಿದಳು. ಎರಡು ಸಲ ಓದಿದಳು. ಆಮೇಲೆ, "ಅತ್ತಿ ಬೈಲಾಕತ್ತಿಲ್ಲಪ್ಪಾ, ಏಳಬ್ಯಾಡ್ರಿ ಅನ್ಲಾಕತ್ತಾರ" ಎಂದಳು. ನನಗೇನೂ ಹಾಗೆ ಕಾಣಲಿಲ್ಲ. ಹೆಂಗಸರ ಕಾಗದ ಹೆಂಗಸರಿಗೇ ಗೊತ್ತು.

ಹಣ್ಣಂತೂ ದರ್ಗಾ ಸೇರಿತ್ತು. ಅವಳು ಇದ್ದಿಲು ತೆಗೆದುಕೊಂಡು ನನ್ನ ಉಗ್ರಾಣದ ಸುಣ್ಣದ ಗೋಡೆಗೆ ಹೊರಟಳು. ಗೋಡೆ ಈಗ ನೋಡುವಂತಿಲ್ಲ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಐದರ ಸಾಲಿಗೆ ಬಗ್ಗದ ಸಂಖ್ಯೆ ಹತ್ತಕ್ಕೂ ಬಗ್ಗದು, ಹದಿನೈದಕ್ಕೂ ಬಗ್ಗದು, ಇಪ್ಪತ್ತಕ್ಕೂ ಬಗ್ಗದು. ತಾಯಿ ಕೊಡದ್ದನ್ನು ಮಕ್ಕಳ ಹತ್ತಿರ ಕೇಳಿದಂತೆ. ಆದ್ದರಿಂದ ತಾವೇ ಮುರಿಯದ ಗಟ್ಟಿ ಸಂಖ್ಯೆಗಳ ಸಾಲು ಮಾತ್ರ ಹಾಕಿದರೆ ಸಾಕು. ಅದೂ ನೂರರ ಒಳಗೆ. ನೂರು ನೂರಲಿ ಹತ್ತು ಸಾವಿರ. ಸಾಲು ನೂರನ್ನು ದಾಟಿದರೆ ಸಾಲಿನೊಳಗಿನ ಹಣ್ಣು ನೂರನ್ನು ದಾಟಲಾರದು, ಆ ಎಣಿಕೆ ಮೊದಲೇ ನೋಡಿ ಆಗಿರುತ್ತದೆ. ಹೀಗೆ ಸೋಸಿದರೆ ಉಳಿಯುವುದು ಇಪ್ಪತ್ತೈದೇ ಸಂಖ್ಯೆ. ನಾನು ಹತ್ತು, ಹದಿನೈದು, ಇಪ್ಪತ್ತೆಂದು ಅರ್ಧ ಬಂಡಿ ಹಣ್ಣು ಬಾಡಿಸಿದ್ದನ್ನು ಅವಳು ಈಗ ಓಣಿಗೆಲ್ಲ ಹೇಳುತ್ತಿದ್ದಾಳೆ.

ನಲವತ್ತಮೂರು ಆಗಲಿಲ್ಲ. ನಲವತ್ತೇಳು, ಐವತ್ತಮೂರು, ಯಾವುದೂ ಆಗಲಿಲ್ಲ. ಎಪ್ಪತ್ತೊಂದಕ್ಕೆ ಹತ್ತು ಕಡಿಮೆ. ನಾನು ಮತ್ತೆ, "ಸಾಕು ಬಿಡವ್ವ, ಗೋಡಿ ಸಾಲೂದಿಲ್ಲ" ಎಂದೆ. ಅವಳು ತಿರುಗಿಯೂ ನೋಡಲಿಲ್ಲ.

ಎಪ್ಪತ್ತಮೂರು ಸಾಲು. ಸಾಲಿಗೆ ನೂರಾ ಮೂವತ್ತೇಳು. ಒಂದೂ ಮಿಗಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ನಿಮ್ಮ ಕೋಟೆಗೆ ಬಾಗಿಲಿತ್ತು, ಶಿವಕಾಂತಮ್ಮನವರೇ.

ಇದ್ದಿಲಿನ ಲೆಕ್ಕವನ್ನು ನೀವು ನಂಬುವುದಿಲ್ಲ, ನನ್ನ ತಕ್ಕಡಿಯನ್ನಂತೂ ಮೊದಲೇ ನಂಬುವುದಿಲ್ಲ. ಅದಕ್ಕೇ ಹತ್ತು ಸಾವಿರದ ಒಂದು ತೊಗರಿ ಕಾಳು ಎಣಿಸಿ, ಚೀಲ ಹೊಲಿದು, ಮರೆಪ್ಪನ ಕೈಯಲ್ಲಿ ಕಳಿಸಿದ್ದೇನೆ. ಹಸಿ ಕಾಳು, ಅವನು ತಿನ್ನಲಾರ. ನಿಮ್ಮ ಪಡಸಾಲೆಯಲ್ಲಿ ನೀವೇ ಸಾಲು ಹಾಕಿ ನೋಡಿ. ಹೊಂದಿದರೆ ನನ್ನ ಮಗಳು ಚಂದಮ್ಮ. ಇನ್ನು ನಾನು ಏಳುವುದಿಲ್ಲ.

ದೌಲಪ್ಪ


ಕಮಲಾಪುರ
ಸೌಮ್ಯ ಸಂವತ್ಸರ, ಚೈತ್ರ ಶುದ್ಧ ಬಿದಿಗೆ

ದೌಲಪ್ಪನವರಿಗೆ,

ಉತ್ತರ ತಡವಾಯಿತು. ಚೀಲವನ್ನು ಬಿಚ್ಚಲು ಧೈರ್ಯ ಬೇಕಾಗಿತ್ತು.

ಬಿಚ್ಚಿದ ಮೇಲೆ ಮೂರರಿಂದ, ಏಳರಿಂದ ಶುರು ಮಾಡಲಿಲ್ಲ. ನೇರವಾಗಿ ಎಪ್ಪತ್ತೊಂದು ಸಾಲು ಹಾಕಿದೆ. ಕೊನೆಯ ಸಾಲಿಗೆ ಹತ್ತು ಕಾಳು ಕಡಿಮೆ ಬಿದ್ದವು. ಆ ಹತ್ತರ ಕೊರತೆ ನನಗೆ ಕಂಠಪಾಠ.

ನಮ್ಮ ಅಪ್ಪ ಎದ್ದದ್ದು ಎಪ್ಪತ್ತೊಂದಕ್ಕೆ. ಮೊಣಕಾಲಿನ ಮೇಲೆ ಕೂತು ಕೂತು ಅವನ ಧೋತರ ಹಣ್ಣಿನ ರಸದಿಂದ ಕೆಂಪಾಗಿತ್ತು. ಇನ್ನೊಂದು ಹಾಕಪ್ಪಾ ಎಂದು ನಾನು ಬಾಗಿಲ ಮರೆಯಿಂದ ಸನ್ನೆ ಮಾಡಿದೆ. ಅಷ್ಟರಲ್ಲಿ ಹಣ್ಣಿನ ಸಂಗಡ ಬಂದಿದ್ದ ಈ ಮನೆಯ ಹಿರಿಯರೊಬ್ಬರು, "ಏಳ್ರಿ ಬೀಗರ, ಅನ್ನ ಆರಲಾಕತ್ತದ. ಹೆಸರೇನು ಓಡಿ ಹೋಗ್ತದ?" ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕು ಎದ್ದ.

ಎಪ್ಪತ್ತೆರಡು ಹಾಕಿದೆ, ಆಗಲಿಲ್ಲ. ಎಪ್ಪತ್ತಮೂರು ಹಾಕಿದೆ. ಕೊನೆಯ ಕಾಳು ಕೈಯಲ್ಲಿತ್ತು, ಅದಕ್ಕೊಂದು ಜಾಗವೂ ನೆಲದ ಮೇಲಿತ್ತು. ಇಟ್ಟೆ.

ಎರಡು ಸಾಲು, ದೌಲಪ್ಪನವರೇ! ಇನ್ನೆರಡೇ ಸಾಲು! ಅನ್ನ ಆರಿದರೆ ಬಿಸಿ ಮಾಡಬಹುದಿತ್ತು. ಎರಡು ಸಾಲಿನಷ್ಟು ಹೊತ್ತು ಹಸಿವು ತಡೆಯಲಾರದ ಗಂಡಸರ ಮಾತಿಗೆ ನಾನು ಇಷ್ಟು ವರ್ಷ ಯಾವುದೋ ಹೆಸರಿಗೆ ಓ ಎನ್ನುತ್ತ ಬಂದೆ. ಮೇಲಾಗಿ ಆ ಸಂಖ್ಯೆ ಗಟ್ಟಿ ಎಂದು ಹೆಮ್ಮೆಯಿಂದ ಹೇಳಿಕೊಂಡೆ, ಅದನ್ನೇ ಎರಡು ಬಂಡಿಯಲ್ಲಿ ಹೇರಿ ಇನ್ನೊಂದು ಹುಡುಗಿಯ ಮೇಲೆ ಕಳಿಸಿದೆ! ಯಾರ ಸಂಗಡ ಜಗಳ ಆಡಲಿ? ಏಳಿಸಿದ ಹಿರಿಯರು ತೀರಿಕೊಂಡರು, ಎದ್ದ ಅಪ್ಪ ತೀರಿಕೊಂಡ, ಅತ್ತೆ ತೀರಿಕೊಂಡರು. ಬೈಸಿಕೊಳ್ಳಲು ಜೀವಂತ ಉಳಿದವರು ನೀವೊಬ್ಬರೇ. ಅದಕ್ಕೆ ನಿಮ್ಮನ್ನೇ ಬೈದೆ, ಇನ್ನೂ ಸ್ವಲ್ಪ ದಿನ ಬೈಯುತ್ತೇನೆ. ತಪ್ಪು ತಿಳಿಯಬೇಡಿ. ತಕ್ಕಡಿಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದೇನೆ: ಕಾಳು ಎರಡು ಸಲ ಎಣಿಸಿದೆ, ಸರಿಯಾಗಿದ್ದವು. ಮರೆಪ್ಪನಿಗೆ ಹೊಸ ಧೋತರ ಕೊಟ್ಟೆ.

ಕಾಳನ್ನು ಇನ್ನೂ ನೆಲದಿಂದ ಎತ್ತಿಲ್ಲ. ನೀಲಕಂಠ ಗೋಡೆಗೆ ಬೆನ್ನು ಹಚ್ಚಿ ದಾಟಿ ಹೋಗುತ್ತಾನೆ. ನಿನ್ನೆ ಹಾಗೆ ದಾಟುವಾಗ ನಿಂತು, "ಅವ್ವಾ, ನಿನ್ನ ಹೆಸರು ಏನಿತ್ತು?" ಎಂದು ಕೇಳಿದ. ಇಪ್ಪತ್ತೆರಡು ವರ್ಷದ ಮಗ, ಇದು ಮೊದಲನೆಯ ಸಲ. ಅಟ್ಟದಿಂದ ತವರಿನ ತಂಬಿಗೆ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೆತ್ತಿದ್ದನ್ನು ಅವನ ಕಡೆ ತಿರುಗಿಸಿ ಇಟ್ಟೆ. ಓದಿಕೊಂಡ.

ಚಂದಮ್ಮ ಚಂದಮ್ಮನಾಗಿಯೇ ಬರಲಿ. ಬೋಗಾರನಿಗೆ ಕೊಡ ವಾಪಸು ಕೊಟ್ಟಾಯಿತು, ಹಳೆಯ ಅಕ್ಷರ ತಿಕ್ಕುತ್ತಿದ್ದಾನೆ. ದಿಬ್ಬಣಕ್ಕೆ ನೂರೇ ಜನ ಬರುತ್ತೇವೆ, ಅದು ನಿಮ್ಮ ಸೊಂಟಕ್ಕೆ ನನ್ನ ಕಡೆಯಿಂದ.

ಇನ್ನೊಂದು ಮಾತು. ಸಂಖ್ಯೆ ಮುರಿದರೆ ಹೆಣ್ಣಿನ ಒಂದು ಮಾತು ನಡೆಯಬೇಕು, ಅದು ಈ ಮನೆಯ ಪದ್ಧತಿ. ನನಗೆ ಬಂದದ್ದೂ ಇದೇ ಸಂಖ್ಯೆ. ಅದು ಮುರಿದಿದೆ; ನನ್ನ ಮಾತೂ ನಡೆಯಲಿ. ಲಗ್ನಪತ್ರಿಕೆ ಬರೆಸುವಾಗ ವರನ ತಾಯಿಯ ಹೆಸರನ್ನು ಕೆಳಗೆ ಸಹಿ ಮಾಡಿದಂತೆಯೇ ಬರೆಸಿರಿ.

ಭೀಮಬಾಯಿ